ಮೊದಲ ಲೋಟ ಮರಕ್ಕೆ

ದೇಲಂಪಾಡಿಯಲ್ಲಿ ಪ್ರವಾಸಿಗರಿಗೆ ಹಳ್ಳಿ ತೋರಿಸಿ, ಕೊನೆಗೆ ತಾವೇ ಇಳಿಸಿದ ಶೇಂದಿಯ ರುಚಿ ತೋರಿಸುವವರೊಬ್ಬರಿದ್ದರು. ಮೊದಲ ಲೋಟವನ್ನು ತೆಂಗಿನ ಬುಡಕ್ಕೆ ಸುರಿದೇ ಉಳಿದವರಿಗೆ ಕೊಡುತ್ತಿದ್ದರು.

“ಇದು ಪ್ರವಾಸಿಗರಿಗೆ ಮಾಡುವ ನಾಟಕ ಅಲ್ವಾ?” ಎಂದು ಅದೇ ಊರಿನ ನಾನು ಒಮ್ಮೆ ಕೆಣಕಿದೆ.

“ಇರಬಹುದು ಮಾರಾಯ್ರೆ.”

ಯಾವ ವಾದಕ್ಕೂ ಅವರದು ಅದೇ ಉತ್ತರ. ನನಗೆ ಗೆದ್ದ ಖುಷಿಯೂ ಸಿಗುತ್ತಿರಲಿಲ್ಲ.

ಒಂದು ದಿನ ಪ್ರವಾಸಿಗರ ಬಸ್ಸು ಮಧ್ಯಾಹ್ನ ಬಂತು. ಬೆಳಗ್ಗೆ ಸಿಹಿಯಿದ್ದ ಶೇಂದಿ ಅಷ್ಟರಲ್ಲಿ ಹುಳಿಯಾಗಿತ್ತು.

“ಸಕ್ಕರೆ ಹಾಕಿ ಕೊಡಿ. ಇಲ್ಲದಿದ್ರೆ ನಾಳೆಯಿಂದ ನೀವು ಬರುದು ಬೇಡ. ಅವರಿಗೆಲ್ಲ ಎಂತ ಗೊತ್ತಾಗ್ತದೆ?” ಎಂದರು ಪ್ರವಾಸ ನಡೆಸುವ ಯಜಮಾನರು.

“ಗೊತ್ತಾಗ್ಲಿಕ್ಕಿಲ್ಲ, ಇರಬಹುದು ಮಾರಾಯ್ರೆ,” ಎನ್ನುತ್ತಾ ಇವರು ಇಡೀ ಮಡಕೆಯನ್ನು ತೆಂಗಿನ ಬುಡಕ್ಕೆ ಸುರಿದರು.

ಮರುದಿನ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಮೊದಲ ಲೋಟವನ್ನು ಅವರೂ ತಪ್ಪದೆ ಮರಕ್ಕೇ ಸುರಿಯುತ್ತಿದ್ದರು, ಸಕ್ಕರೆ ಹಾಕಿದ್ದನ್ನು.