ನಮ್ಮತ್ತೆಯ ಚಿಗಟದ ಬೇಟೆ

ಚಿಗಟ ಹುಡುಕುವಾಗ ನಮ್ಮತ್ತೆ ನಂಜಮ್ಮನವರ ನಾಲಗೆಯ ತುದಿ ಹಲ್ಲಿನ ಸಂದಿಯಿಂದ ಹೊರಗಿಣುಕುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯ ಬಿಸಿಲಿಗೆ ಕಾಲು ಚಾಚಿ ಕೂತು, ಬೆಕ್ಕು ಚಿನ್ನಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಳ್ಳುವರು. ಕತ್ತಿನ ಕೂದಲನ್ನು ಬೆರಳಿನಿಂದ ಬಿಡಿಸಿ, ಉಫ್ ಎಂದು ಊದಿ, ಓಡುವ ಚಿಗಟವನ್ನು ಉಗುರಿನಲ್ಲಿ ಹಿಡಿದು, ತೆಂಗಿನ ಚಿಪ್ಪಿನಲ್ಲಿಟ್ಟ ಸೀಮೆಎಣ್ಣೆಗೆ ಹಾಕುವರು. "ಅಳ್ಳಾಡ್ಬ್ಯಾಡ ನನ್ ಬಂಗಾರಿ. ಇನ್ನೊಂದೇ ಒಂದು ಅದೆ, ತಗ್ದುಬುಡ್ತೀನಿ" ಎನ್ನುವ ಆ ದನಿ! ನನ್ನೊಡನೆ ಮಾತಾಡುವಾಗ ಅದೆಲ್ಲಿ ಹೋಗುತ್ತಿತ್ತೋ. ನನಗೆ ಸಿಗುತ್ತಿದ್ದದ್ದು "ಎಸರಿಟ್ಯಾ?" "ಸೊಪ್ಪು ಸೋಸಿದ್ಯಾ?" ಅಷ್ಟೆ.

ಕೊಡಗು ಆಗಿನ್ನೂ ಬೇರೆ ರಾಜ್ಯ. ಕಾವೇರಿಯ ಆಚೆ ದಡದ ಮೈಸೂರು ಸೀಮೆಯಿಂದ, ಫ್ರೇಜರ್‌ಪೇಟೆ ಎನ್ನುತ್ತಿದ್ದ ಕುಶಾಲನಗರಕ್ಕೆ ನಾನು ಮದುವೆಯಾಗಿ ಬಂದವಳು. ತವರಿನಲ್ಲಿ ಅವ್ವ ದಿನಾ ನನ್ನ ಜಡೆ ಬಿಚ್ಚಿ ಹೇನು ನೋಡುತ್ತಿದ್ದಳು, ಹೇನಿಲ್ಲದಿದ್ದರೂ ನೋಡುತ್ತಿದ್ದಳು. ಇಲ್ಲಿ ಆ ಭಾಗ್ಯವೆಲ್ಲ ಬೆಕ್ಕಿಗೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಒಂದು ದಿನ ನಾಚಿಕೆ ಬಿಟ್ಟು ಪಕ್ಕದಲ್ಲಿ ಕೂತು, "ಅತ್ತೆ, ನನ್ ತಲೇಲೂ ಏನೋ ಕಡೀತದೆ, ನೋಡ್ತೀರಾ?" ಎಂದೆ.

ಅವರು ಕಣ್ಣೆತ್ತಲಿಲ್ಲ. "ಸೀಗೇಪುಡಿ ಹಾಕ್ಕೊಂಡು ಉಜ್ಕೊ ಹೋಗು" ಎಂದು ಚಿನ್ನಿಯ ಬಾಲ ಎತ್ತಿದರು. ಆ ಹಾಳು ಬೆಕ್ಕು ಅರೆಗಣ್ಣು ಬಿಟ್ಟು ನನ್ನನ್ನೇ ನೋಡಿತು. ಸಂಜೆ ಪಾತ್ರೆಗಳನ್ನೆಲ್ಲ ಬೇಕೆಂದೇ ದಡಬಡ ಕುಕ್ಕಿದೆ. ಸಂಗತಿ ತಿಳಿದ ನನ್ನ ಗಂಡ, "ಏನೇ, ಬೆಕ್ಕಿನ ಮೇಲೂ ಸವತಿ ಮತ್ಸರವಾ?" ಎಂದು ನಕ್ಕರು. ಹೌದು, ಮತ್ಸರವೇ. ನಗುವವರು ನಗಲಿ.

ಅತ್ತೆ ತೀರಿಕೊಳ್ಳುವ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಗಿತ್ತು. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಒಂದು ಮಧ್ಯಾಹ್ನ, ಗಂಜಿ ಕುಡಿಸಿ ಸುಸ್ತಾಗಿ ನೆಲದ ಮೇಲೆ ಕೂತವಳು ಮಂಚದ ಅಂಚಿಗೆ ತಲೆಯಾನಿಸಿದೆ. ಅವರ ಕೈ ತಡವರಿಸುತ್ತಾ ಬಂದು ನನ್ನ ತಲೆಯ ಮೇಲೆ ನಿಂತಿತು. ಬೆರಳುಗಳು ಮೆಲ್ಲಗೆ ಕೂದಲು ಬಿಡಿಸತೊಡಗಿದವು.

"ಅಳ್ಳಾಡ್ಬ್ಯಾಡ ನನ್ ಬಂಗಾರಿ" ಎಂದರು.

ನನಗೇ ಅಂದರೋ, ಚಿನ್ನಿ ಅಂದುಕೊಂಡರೋ? ಕೇಳಬೇಕೆಂದು ಬಾಯಿಯವರೆಗೂ ಬಂತು. ಕೇಳಿದರೆ ಆ ಕೈ ನಿಂತುಬಿಟ್ಟೀತು ಎಂದು ಭಯವಾಯಿತು. ಉಸಿರು ಬಿಗಿಹಿಡಿದು ಕೂತೆ.

ಅಷ್ಟರಲ್ಲಿ ಒಲೆಯ ಕಡೆಯಿಂದ ಮುದಿ ಚಿನ್ನಿ ಎದ್ದು ಬಂದು, ಮಂಚ ಹತ್ತಲು ಹವಣಿಸಿತು. ತಲೆ ಒಂದಿಷ್ಟೂ ಅಲುಗಿಸದೆ, ಕಾಲಿನಿಂದ ಅದನ್ನು ಮೆಲ್ಲಗೆ ಆಚೆ ನೂಕಿದೆ.