ಗವಾಕ್ಷಿಯ ನಾಲ್ಕು ಸ್ಕ್ರೂ

ನಾನು ಬಡಿಗ. ಶಲವಡಿಯಲ್ಲಿ ನಾನು ಕೂಡಿಸಿದ ಬಾಗಿಲುಗಳು ಇನ್ನೂ ಗಟ್ಟಿಯಾಗಿವೆ, ಕೂಡಿಸಿದ ಕೈ ಕೆಟ್ಟಿದೆ. ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಇದು ಹೋಗೂದಲ್ರಿ, ಇದರ ಜೋಡಿನ ಬಾಳ್ವಿ ಮಾಡ್ರಿ" ಅಂದರು. ಬಾಳ್ವೆ ಮಾಡಲು ಇದೇನು ನಾನು ಕಟ್ಟಿಕೊಂಡ ಹೆಂಡತಿಯೇ ಎಂದು ಬಸ್ಸಿನ ತುಂಬಾ ಗೊಣಗುತ್ತ ಬಂದೆ. ಕಟ್ಟಿಕೊಂಡವಳು ಬಾಜೂ ಸೀಟಿನಲ್ಲೇ ಇದ್ದಳು.

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯವರೊಬ್ಬರು ಹೊಸ ಮನೆ ಕಟ್ಟಿಸಿದರು. ತಲಬಾಗಿಲನ್ನು ನಾನೇ ಮಾಡಬೇಕೆಂದು ಕೇಳಿಕೊಂಡು ಬಂದರು. ಒಂದು ವರ್ಷದಿಂದ ಯಾರೂ ನನ್ನನ್ನು ಕೆಲಸಕ್ಕೆ ಕರೆದಿರಲಿಲ್ಲ. ಶುಕ್ರವಾರ ಹೇಳುತ್ತೇನೆ ಎಂದೆ.

ಅದೇ ವಾರ ಅಡುಗೆಮನೆಯ ಗವಾಕ್ಷಿಯ ಜಾಳಿಗೆ ಕಳಚಿ ರೊಟ್ಟಿ ಬುಟ್ಟಿಯ ಮೇಲೆ ಬಿತ್ತು. ಹೊಗೆ ಹೋಗಲೆಂದು ಗೋಡೆಯ ಮೇಲ್ಗಡೆ ಬಿಟ್ಟ ಕಿಂಡಿ ಅದು. ಅದಕ್ಕೆ ಬೇವಿನ ಚೌಕಟ್ಟು, ಅದರ ಮೇಲೆ ತಂತಿಯ ಜಾಳಿಗೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಪ್ರತಿ ರಂಜಾನಿನ ಮೊದಲು ಬಿಚ್ಚಿ, ಮಸಿ ಒರೆಸಿ, ಮತ್ತೆ ಕೂಡಿಸುವುದು ನನ್ನ ಪದ್ಧತಿ. ಈ ಸಲ ಕೈ ನಡುಗಿ ಸ್ಕ್ರೂಗಳನ್ನು ಡೊಂಕು ತಿರುಗಿಸಿದ್ದೆ. ನಾಲ್ಕೂ ತೂತು ಅಗಲವಾಗಿ, ಸ್ಕ್ರೂಗಳಿಗೆ ಹಿಡಿತವೇ ಉಳಿದಿರಲಿಲ್ಲ.

"ಇಲಿ ಕೆಲಸಾ ಇದು," ಅಂದೆ.

"ಇಲಿಗೋಳು ಸ್ಕ್ರೂ ತಿರವ್ತಾವೇನ್ರಿ?" ಅಂದಳು ಹೆಂಡತಿ.

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲೇ ಆಗಬೇಕು. ಅವಳು ಯರಗುಪ್ಪಿಯವಳು, ಜಗಳಕ್ಕೆ ಕನ್ನಡದಷ್ಟು ಚೊಲೊ ಭಾಷೆ ಇನ್ನೊಂದಿಲ್ಲ ಅನ್ನುತ್ತಾಳೆ. ಮೂವತ್ತೆಂಟು ವರ್ಷದಿಂದ ದಿನಕ್ಕೊಂದು ಸಲವಾದರೂ ನಾವು ಕನ್ನಡ ಮಾತಾಡಿದ್ದೇವೆ.

"ಈ ನಾಲ್ಕು ಸ್ಕ್ರೂ ನೆಟ್ಟಗ ಕೂತ್ರ ತಲಬಾಗಲಾ ಮಾಡ್ತೀನಿ," ಅಂದೆ. "ಇಲ್ಲಂದ್ರ ನನ್ನ ಹತ್ಯಾರದ ಪೆಟಗಿ ಅಟ್ಟಕ್ಕ ಹಾಕಿಬಿಡು."

"ಮೊದಲ ಜಾಳಗಿ ಕುಂದರಸ್ರಿ. ದೊಡ್ಡ ಮಾತ ಆಮ್ಯಾಲೆ."

ಮಂಗಳವಾರ ತೂತು ತುಂಬಿದೆ. ಹಳೆಯ ಬಾಗಿಲಿನ ಸಾಗವಾನಿ ತುಂಡಿನಿಂದ ಕಡ್ಡಿಯಂಥ ಚಕ್ಕೆ ಸೀಳಿ, ಬಿಳಿ ಅಂಟಿನಲ್ಲಿ ಅದ್ದಿ, ಒಂದೊಂದು ತೂತಿಗೆ ಮೂರು ನಾಲ್ಕು ತುರುಕಿದೆ. ಚಕ್ಕೆ ತುರುಕಲು ನಡುಗುವ ಕೈಯೂ ನಡೆಯುತ್ತದೆ. ಬುಧವಾರವೆಲ್ಲ ಒಣಗಲು ಬಿಟ್ಟೆ. ಗುರುವಾರ ಬೆಳಿಗ್ಗೆ ಹೊರಚಾಚಿದ್ದನ್ನು ಉಳಿಯಿಂದ ಸವರಿ ಬೆರಳಾಡಿಸಿದರೆ ಬೇವು ಯಾವುದು, ಸಾಗವಾನಿ ಯಾವುದು ತಿಳಿಯುತ್ತಿರಲಿಲ್ಲ. ನನಗೆ ಆಸೆ ಬಂತು. ಬರಬಾರದಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಬಡಿಗರಿಗೊಂದು ಕೆಟ್ಟ ಚಟವಿದೆ. ಸ್ಕ್ರೂವನ್ನು ಮುಕ್ಕಾಲು ಪಾಲು ಸುತ್ತಿಗೆಯಿಂದ ಹೊಡೆದು, ಕೊನೆಗೆ ಎರಡು ಸುತ್ತು ಮಾತ್ರ ತಿರುಗಿಸುತ್ತಾರೆ. ನೋಡಲು ಸುದ್ದಾಗಿ, ನೆಟ್ಟಗೆ ಕೂತಿರುತ್ತದೆ, ಒಳಗೆ ಕಟ್ಟಿಗೆ ಸಿಗಿದಿರುತ್ತದೆ. ಕುಬಿಹಾಳದ ನನ್ನ ಭಾಗೀದಾರನೊಬ್ಬ ಹಾಗೆ ಹೊಡೆದದ್ದಕ್ಕೆ ಅವನ ಸುತ್ತಿಗೆಯನ್ನು ಹೊಲಕ್ಕೆ ಒಗೆದಿದ್ದೆ. "ಮೊಳಿ ಹೊಡಿಯಾಂವ ಮೊಳಿನ ತಗೋಬೇಕಲೇ, ಸ್ಕ್ರೂ ಯಾಕ ತಂದಿ?" ಅಂದಿದ್ದೆ. ಭಾಗೀದಾರಿಕೆ ಅಲ್ಲಿಗೇ ಮುರಿಯಿತು. ಈ ಕಥೆಯನ್ನು ಊಟಕ್ಕೆ ಬಂದವರಿಗೆಲ್ಲ ಹೇಳಿದ್ದೇನೆ. ನನ್ನ ಹೆಂಡತಿಗೆ ಅದು ಬಾಯಿಪಾಠ.

ಗುರುವಾರ ಹನ್ನೊಂದಕ್ಕೆ ಸ್ಟೂಲು ಹತ್ತಿದೆ. ಅವಳು ಸ್ಟೂಲು ಹಿಡಿದು ನಿಂತಳು. ಎಡಗೈಯಲ್ಲಿ ಜಾಳಿಗೆ ಒತ್ತಿಹಿಡಿದು ಮೊದಲ ಸ್ಕ್ರೂ ಇಟ್ಟೆ. ಸ್ಕ್ರೂಡ್ರೈವರಿನ ತುದಿ ಅದರ ಗೀರಿನಲ್ಲಿ ಕೂಡಲೊಲ್ಲದು. ಕೂತಿತು ಅನ್ನುವಷ್ಟರಲ್ಲಿ ಜಾರಿ ಬೇವನ್ನು ಗೀಚಿತು. ಸ್ಕ್ರೂ ಒಲೆಯ ಕಟ್ಟೆಗೆ ಬಿತ್ತು. ಅವಳು ಎತ್ತಿಕೊಟ್ಟಳು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಎರಡೂ ಕೈ ಹಚ್ಚಿದರೆ ಜಾಳಿಗೆ ಜಾರುತ್ತಿತ್ತು. ನನ್ನ ನಡುಕ ಸ್ಟೂಲಿನ ಕಾಲಿಗಿಳಿದು ಅವಳ ಕೈಗೂ ತಾಗುತ್ತಿತ್ತು, ಅದು ನನಗೆ ಗೊತ್ತಿತ್ತು. ಮೂರನೆಯ ಸಲ ಬಿದ್ದಾಗ ಸ್ಕ್ರೂಡ್ರೈವರಿಗೆ, ಡಾಕ್ಟರಿಗೆ, ಬೇವಿನ ಗಿಡಕ್ಕೆ, ಎಲ್ಲರಿಗೂ ಬೈದೆ.

"ಕೊಡು," ಅಂದು ಕೆಳಗೆ ಕೈ ಚಾಚಿದೆ.

ಅಂಗೈಗೆ ಸ್ಕ್ರೂ ಬಂತು. ಅದರ ಹಿಂದೆಯೇ ಸುತ್ತಿಗೆ ಬಂತು.

ಪೆಟ್ಟಿಗೆಯ ತಳದಲ್ಲಿದ್ದುದನ್ನು ಅವಳು ಯಾವಾಗ ತೆಗೆದಿಟ್ಟುಕೊಂಡಿದ್ದಳೋ. ಅವಳ ಮುಖ ಒಲೆಯ ಕಡೆಗಿತ್ತು. ಏನಾದರೂ ಅನ್ನಲಿ ಎಂದು ಕಾದೆ. ಮೊಳೆಯ ಮಾತು ತೆಗೆಯಲಿ, ಕುಬಿಹಾಳದವನ ಹೆಸರು ಹಿಡಿದು ಹಂಗಿಸಲಿ, ಇಲಿಯನ್ನಾದರೂ ಕರೆಯಲಿ. ಅವಳು ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ಹೊಡೆದೆ. ಮೂರು ಏಟಿಗೆ ಸ್ಕ್ರೂ ಕೂತಿತು. ನಾನು ತುಂಬಿದ್ದ ಚಕ್ಕೆ ಒಳಗೆ ಸಿಗಿದದ್ದು ಕೈಗೆ ಗೊತ್ತಾಯಿತು. ಕೈ ನಡುಗುತ್ತದೆ, ಗೊತ್ತಾಗುವುದು ಮಾತ್ರ ಹೋಗಿಲ್ಲ. ಉಳಿದ ಮೂರನ್ನೂ ಹಾಗೆಯೇ ಹೊಡೆದೆ. ಜಾಳಿಗೆ ನಿಂತಿತು. ಬರುವ ರಂಜಾನಿನವರೆಗೆ ನಿಂತರೆ ದೊಡ್ಡದು.

ನಾನು ಇಳಿದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವಳು ಉಳಿ, ಅಂಟು, ಸ್ಕ್ರೂಡ್ರೈವರು ಎಲ್ಲವನ್ನೂ ಒರೆಸಿ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ನನ್ನ ಕೈಯಿಂದ ಸುತ್ತಿಗೆ ಇಸಿದುಕೊಂಡು ಅದನ್ನೂ ಇಟ್ಟು ಮುಚ್ಚಳ ಹಾಕಿದಳು. ಆಮೇಲೆ, ಅಟ್ಟಕ್ಕೆ ಈಗಲೇ ಹಾಕಲೋ, ಊಟ ಆದ ಮೇಲೆ ಹಾಕಲೋ ಎಂದು ಮೆಲ್ಲಗೆ ಉರ್ದುವಿನಲ್ಲಿ ಕೇಳಿದಳು.