ಗೂಬೆಯ ಎಡಗಣ್ಣು

ಕಣ್ಣಿನ ಡಾಕ್ಟರಮ್ಮ ಎದ್ದು ಬಂದು, ತಮ್ಮ ಕೈಯಾರೆ ಅವನ ಬಲಗಣ್ಣಿನ ಮೇಲೆ ಕಪ್ಪು ಮುಚ್ಚಳ ಇಟ್ಟು, "ಈಗ ಓದಿ" ಅಂದರು.

ಎಲ್ಲರೂ ಗೂಬೆ ಅಂತ ಕರೆಯುವ ಅವನು ಕತ್ತು ಮುಂದೆ ಚಾಚಿದ. ಎದುರಿನ ಗೋಡೆಯಲ್ಲಿ ಮಾಸಲು ಬಟ್ಟೆ ಒಣಹಾಕಿದಂಥ ಒಂದು ಬೆಳಕಿತ್ತು. ಅಕ್ಷರ ಇರಲಿಲ್ಲ.

"ದೊಡ್ಡ ಸಾಲು ಓದಿ ಸಾಕು."

"ಎಲ್ಲಿದೆ ಅದು?"

ಡಾಕ್ಟರಮ್ಮ ಹತ್ತಿರ ಬಂದ ಸದ್ದಾಯಿತು. "ಎಷ್ಟು ಬೆರಳು?"

"ಕೈ ಎತ್ತಿದ್ದೀರಾ?"

ಆಕೆ ಮುಚ್ಚಳ ತೆಗೆದರು. ಅವರ ಮೂರು ಬೆರಳು ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿದ್ದವು. "ಯಾವಾಗಿಂದ ಹೀಗೆ?"

"ಮೊದಲಿಂದ. ಎಡಗಣ್ಣಲ್ವಾ."

"ಎಡಗಣ್ಣಾದ್ರೆ?"

"ಎಡಗಡೇದು ಎಲ್ಲರಿಗೂ ಸ್ವಲ್ಪ ಸೊಟ್ಟನೇ ಅಲ್ವಾ ಡಾಕ್ಟರಮ್ಮ. ಎಡಗೈಲಿ ಬರೆಯೋಕಾಗಲ್ಲ, ಎಡಗಾಲಲ್ಲಿ ಪೆನಾಲ್ಟಿ ಹೊಡೆಯೋಕಾಗಲ್ಲ. ಹಂಗೇ ಇದೂ."

ಡಾಕ್ಟರಮ್ಮ ನಗಲಿಲ್ಲ. ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು: "ಎಲ್ಲರಿಗೂ ಎರಡು ಕಣ್ಣೂ ಕಾಣುತ್ತೆ."

ಮೂವತ್ತು ವರ್ಷದ ಗಂಡಸು, ಹನ್ನೊಂದು ವರ್ಷದಿಂದ ಕಾಲ್ಚೆಂಡಾಟವನ್ನೇ ಉಂಡು ಹೊದ್ದವನು, ಗರ ಬಡಿದವನ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟ.

ಅವನು ಆಡುತ್ತಿದ್ದದ್ದು ಮೈದಾನದ ನಟ್ಟನಡುವೆ. ಗೋಲು ಹೊಡೆದವನಿಗೆ ಹಾರ, ಗೋಲು ತಡೆದವನಿಗೆ ಚಪ್ಪಾಳೆ, ನಡುವಿನವನಿಗೆ ಬೆವರು. ಹಿಂದಿನವರು ಒದ್ದ ಚೆಂಡನ್ನು ತಗೊಂಡು ಮುಂದಿನವರಿಗೆ ಮುಟ್ಟಿಸಬೇಕು. ಚೆಂಡು ಕಾಲಿಗೆ ಬಂದ ಮೇಲೆ ಸುತ್ತ ನೋಡುವವನು ಕೆಟ್ಟ. ಬರುವ ಮೊದಲೇ ಭುಜದ ಮೇಲಿಂದ ಹಿಂದೆ ಮುಂದೆ ನೋಡಿ, ಯಾರು ಎಲ್ಲಿದ್ದಾರೆ ಅಂತ ತಲೆಯಲ್ಲಿ ಇಟ್ಟುಕೊಂಡಿರಬೇಕು. ಬೇರೆಯವರು ಒಂದು ಸಲ ನೋಡುವ ಹೊತ್ತಿಗೆ ಇವನು ನಾಲ್ಕು ಸಲ ನೋಡುತ್ತಿದ್ದ. ಅದರಲ್ಲೂ ಎಡಕ್ಕೆ ಅವನ ಕತ್ತು ಬೆನ್ನಿನವರೆಗೂ ತಿರುಗುತ್ತಿತ್ತು. ಹದಿಮೂರನೇ ವಯಸ್ಸಿನಲ್ಲಿ ಮೊದಲ ಕೋಚು ಅದನ್ನು ನೋಡಿ, "ಇದು ಮನುಷ್ಯನ ಕತ್ತಲ್ಲ, ಗೂಬೇದು" ಅಂದಿದ್ದ. ಅಲ್ಲಿಂದ ಹೆತ್ತವರಿಟ್ಟ ಹೆಸರು ಮೂಲೆಗೆ ಬಿತ್ತು.

ಆ ಕತ್ತೇ ಅವನಿಗೆ ಅನ್ನ ಹಾಕಿತು. ಪತ್ರಿಕೆಯವರು ಅವನ ಬೆನ್ನಲ್ಲೂ ಕಣ್ಣಿದೆ ಅಂತ ಬರೆದರು. ಟೀವಿಯವರು ಕತ್ತು ತಿರುಗುವುದನ್ನು ನಿಧಾನ ಮಾಡಿ ತೋರಿಸಿದರು. ಕ್ಲಬ್ಬಿನವರು ಎಳೆಯ ಹುಡುಗರಿಗೆ ಅದನ್ನೇ ಪಾಠ ಮಾಡಿದರು. ಬೆನ್ನಲ್ಲಿರುವ ಕಣ್ಣನ್ನು ಅಷ್ಟು ಜನ ಕಂಡರು. ಮುಖದ ಮೇಲಿರುವ ಕಣ್ಣನ್ನು ಒಬ್ಬನೂ ನೋಡಲಿಲ್ಲ.

ವರ್ಷಕ್ಕೊಮ್ಮೆ ಪರೀಕ್ಷೆ ಅಂತ ಒಂದು ನಡೆಯುತ್ತಿತ್ತು, ಇಲ್ಲವೆನ್ನುವಂತಿಲ್ಲ. ಆಟಗಾರರಿಗೆ ಮಾಲೀಸು ಮಾಡಿ ಮೈ ತಿಕ್ಕುವ ಕೋಣೆಯ ಬಾಗಿಲ ಹಿಂದೆ ಅಕ್ಷರದ ಹಾಳೆ ಅಂಟಿಸಿರುತ್ತಿದ್ದರು. ಇಪ್ಪತ್ತೈದು ಜನ ಚಡ್ಡಿಯಲ್ಲಿ ಸಾಲು ನಿಲ್ಲುವುದು. ಕ್ಲಬ್ಬಿನ ಡಾಕ್ಟರು ಕಾಗದದ ಮೇಲೆ ತಲೆ ಬಗ್ಗಿಸಿಕೊಂಡೇ "ಒಂದು ಕಣ್ಣು... ಆಯ್ತು, ಇನ್ನೊಂದು" ಅನ್ನುವುದು. ಗೂಬೆ ಎಡಗೈಯಲ್ಲಿ ಎಡಗಣ್ಣು ಮುಚ್ಚಿ ಓದುತ್ತಿದ್ದ. "ಇನ್ನೊಂದು" ಅಂದಾಗ ಬಲಗೈ ತಂದು ಅದೇ ಎಡಗಣ್ಣನ್ನೇ ಮುಚ್ಚಿ ಮತ್ತೆ ಓದುತ್ತಿದ್ದ. ಬದಲಾಗುತ್ತಿದ್ದದ್ದು ಕೈ, ಕಣ್ಣಲ್ಲ. ಅದರಲ್ಲಿ ಮೋಸವಿದೆ ಅಂತ ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಪೆನಾಲ್ಟಿಗೆ ನಿಂತವನು ಒಳ್ಳೆ ಕಾಲಲ್ಲೇ ಒದೆಯುತ್ತಾನೆ, ಯಾವ ರೆಫರಿಯೂ ಯಾಕೆ ಅಂತ ಕೇಳುವುದಿಲ್ಲ. ಹನ್ನೊಂದು ವರ್ಷ ಅವನ ಕಾಗದದ ಮೇಲೆ "ಎರಡೂ ಕಣ್ಣು ಚೆನ್ನಾಗಿವೆ" ಅಂತ ಬಿತ್ತು. ಹಸು ಕೊಳ್ಳುವವನಾದರೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ.

ಈಗ ದೊಡ್ಡ ಕ್ಲಬ್ಬೊಂದು ಮೂರು ವರ್ಷದ ಒಪ್ಪಂದಕ್ಕೆ ಅವನನ್ನು ಕರೆದಿತ್ತು. ಅವರು ಕಳಿಸಿದ್ದರಿಂದಲೇ ಈ ಡಾಕ್ಟರಮ್ಮನ ಕೋಣೆಗೆ ಬಂದದ್ದು.

"ಮಗುವಾಗಿದ್ದಾಗ ಹಿಡಿದಿದ್ರೆ ಏನಾದ್ರೂ ಮಾಡಬಹುದಿತ್ತು," ಅಂದರು ಆಕೆ. "ಈಗ ಆಗಲ್ಲ. ಬಲಗಣ್ಣಿಗೆ ಒಂದು ಮೊಣಕೈ ಬಿದ್ರೆ ನೀವು ಪೂರ್ತಿ ಕುರುಡರು. ಆಡಬೇಡಿ ಅಂತಲೇ ಬರೀತೀನಿ." ಆಮೇಲೆ ತಡೆಯಲಾರದೆ ಕೇಳಿದರು: "ಇಷ್ಟು ವರ್ಷ ಹೇಗೆ ಆಡಿದ್ರಿ?"

ಅದನ್ನೇ ಅವನೂ ಯೋಚಿಸುತ್ತಿದ್ದ. ತಲೆಗೆ ತಲೆ ಬಡಿದದ್ದು, ಹುಬ್ಬಿಗೆ ಹೊಲಿಗೆ ಬಿದ್ದದ್ದು ಒಂದೊಂದಾಗಿ ನೆನಪಾಯಿತು. ಎರಡು ವರ್ಷದ ಹಿಂದೆ ಬಿದ್ದ ಏಳು ಹೊಲಿಗೆ ಬಲಹುಬ್ಬಿನ ಮೇಲೇ ಇದ್ದವು.

ಸಂಜೆಯ ಹೊತ್ತಿಗೆ ದೊಡ್ಡ ಕ್ಲಬ್ಬಿನವರು ಫೋನು ಮಾಡಿ, ಎರಡು ಒಳ್ಳೆ ಮಾತಾಡಿ, ಬಾಗಿಲು ಹಾಕಿಕೊಂಡರು.

ಅವನನ್ನು ಸಾಕಿದ್ದು ಅಕ್ಕ. ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ಓಡುವ ಬೆಲ್ಟಿನ ಮೇಲೆ ಒಡೆದ ಬಿಸ್ಕತ್ತೊಂದು ಬಂದರೆ ಅವಳ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಅವನು ವಿಷಯ ಹೇಳಿದಾಗ ಅವಳು ನಂಬಲೇ ಇಲ್ಲ.

"ಹೋಗೋ, ನಿನ್ನ ತಲೆ."

ಅವನು ಬಲಗಣ್ಣನ್ನು ಮುಚ್ಚಿಕೊಂಡು ಕೂತ. ಅವಳು ಸದ್ದಿಲ್ಲದೆ ಎದ್ದು, ಗೋಡೆಯ ಮೊಳೆಯಿಂದ ಸೌಟು ತೆಗೆದು, ಹೊಡೆಯುವ ಹಾಗೆ ಅವನ ಮುಖದ ಮುಂದೆ ಬೀಸಿದಳು. ಅವನು ರೆಪ್ಪೆ ಬಡಿಯಲಿಲ್ಲ.

ಅವಳು ಕುರ್ಚಿಗೆ ಕುಸಿದಳು. ಸೌಟು ಕೈಯಲ್ಲೇ ಇತ್ತು. "ಚಿಕ್ಕೋನಿದ್ದಾಗ ನೀನು ಲೋಟದ ಆಚೆ ನೀರು ಸುರೀತಿದ್ದೆ," ಅಂದಳು. "ಎಡಗಡೆಯಿಂದ ಬಂದು ತಟ್ಟೆ ಇಟ್ರೆ ಬೆಚ್ಚಿಬೀಳ್ತಿದ್ದೆ. ಸೊಕ್ಕು ಅಂತ ಬೆನ್ನಿಗೆ ಎಷ್ಟು ಬಾರಿಸಿದೀನೋ ನಿಂಗೆ."

"ಹೂಂ. ಅದೂ ಎಡಗಡೆಯಿಂದ್ಲೇ ಬಾರಿಸ್ತಿದ್ದೆ."

"ಬಾಯ್ಮುಚ್ಚು." ಅವಳು ಸೌಟು ಮೇಜಿನ ಮೇಲಿಟ್ಟಳು. "ಯಾರ್ದೋ ಬಿಸ್ಕತ್ತಿನಲ್ಲಿ ಬಿರುಕು ಹುಡುಕ್ಕೊಂಡು ಬದುಕಿದೆ ನೋಡು ನಾನು."

ಮರುದಿನ ಬೆಳಿಗ್ಗೆ ಹಳೆಯ ಕ್ಲಬ್ಬಿನಿಂದ ಕರೆ ಬಂತು. ಮೈ ತಿಕ್ಕುವ ಕೋಣೆಯಲ್ಲಿ ಡಾಕ್ಟರು ಒಬ್ಬರೇ ಇದ್ದರು. ಮೇಜಿನ ಮೇಲೆ ಈ ವರ್ಷದ ಕಾಗದ ತುಂಬಿಸಿ ಇಟ್ಟಿತ್ತು. ಎರಡೂ ಕಣ್ಣು ಚೆನ್ನಾಗಿವೆ.

ಗೂಬೆ ಅದನ್ನು ಎರಡು ಸಲ ಓದಿದ. "ನಿಮಗೆ ಸುದ್ದಿ ಬರಲಿಲ್ವಾ ಡಾಕ್ಟ್ರೆ?"

"ಬಂತು. ಆ ಕ್ಲಬ್ಬಿನ ಡಾಕ್ಟ್ರು ಅವರ ಲೆಕ್ಕಕ್ಕೆ ಬರೀತಾರೆ, ನಾವು ನಮ್ಮ ಲೆಕ್ಕಕ್ಕೆ. ಹನ್ನೊಂದು ವರ್ಷ ಏನಾಯ್ತು? ಏನೂ ಆಗಲಿಲ್ಲ. ಇನ್ನೆರಡು ವರ್ಷ ಆಡು. ನೀನಿಲ್ದೆ ನಡುವಿನಲ್ಲಿ ಯಾರಿದಾರೆ ಹೇಳು." ಡಾಕ್ಟರು ಮೇಜು ಸುತ್ತಿ ಅವನ ಪಕ್ಕಕ್ಕೆ ಬಂದು ಧ್ವನಿ ತಗ್ಗಿಸಿದರು. "ಸಹಿ ಹಾಕು. ಮುಗೀತು."

ಕಾಣದೆ ಆದ ತಪ್ಪಿಗೆ ಅವನು ನಿನ್ನೆಯಿಡೀ ಬೆಚ್ಚಿಬಿದ್ದಿದ್ದ. ಕಂಡೂ ಮಾಡುವ ತಪ್ಪು ಇಷ್ಟು ಸಲೀಸಾಗಿ ಮೇಜಿನ ಮೇಲೆ ಬಿದ್ದಿರುತ್ತದೆ ಅಂತ ಎಣಿಸಿರಲಿಲ್ಲ. ಇನ್ನೆರಡು ವರ್ಷದ ಆಸೆ ಇಲ್ಲದೆ ಇರಲಿಲ್ಲ. ಆಟ ಬಿಟ್ಟರೆ ಅವನಿಗೆ ಬರುವ ಕೆಲಸ ಬೇರೊಂದಿರಲಿಲ್ಲ. ಅವನು ಕಾಗದವನ್ನೇ ನೋಡುತ್ತ ಕೂತ.

"ತಗೋ," ಅಂದರು ಡಾಕ್ಟರು.

ಏನನ್ನು ಅಂತ ಅವನಿಗೆ ತಿಳಿಯಲಿಲ್ಲ. ಕೂತೇ ಇದ್ದ. ಆಮೇಲೆ ಅಭ್ಯಾಸದಂತೆ ಕತ್ತು ಪೂರ್ತಿ ಎಡಕ್ಕೆ ತಿರುಗಿಸಿದ. ಡಾಕ್ಟರ ಕೈ ಅವನ ಕೆನ್ನೆಯ ಪಕ್ಕದಲ್ಲೇ ಪೆನ್ನು ಚಾಚಿಕೊಂಡು ನಿಂತಿತ್ತು. ಡಾಕ್ಟರ ಮುಖ ಸುಣ್ಣ ಬಳಿದಂತಾಗಿತ್ತು. ಕಾಗದದಲ್ಲಿ ಓದಿದ ಕುರುಡು ಬೇರೆ, ಒಂದು ಗೇಣಿನಲ್ಲಿ ಕಂಡ ಕುರುಡು ಬೇರೆ.

"ನಿಜವಾಗ್ಲೂ ಕಾಣಲ್ವೇನೋ?" ಅಂದರು.

"ಇಲ್ಲ ಡಾಕ್ಟ್ರೆ."

ಗೂಬೆ ಪೆನ್ನು ತಗೊಂಡ. "ಎರಡೂ ಕಣ್ಣು ಚೆನ್ನಾಗಿವೆ" ಎಂಬುದರ ಮೇಲೆ ಗೆರೆ ಎಳೆದ. ಕೆಳಗೆ, ಶಾಲೆ ಬಿಟ್ಟ ಮೇಲೆ ಸಹಿ ಬಿಟ್ಟು ಬೇರೇನೂ ಬರೆಯದವನ ದಪ್ಪ ಅಕ್ಷರದಲ್ಲಿ, "ಎಡಗಣ್ಣು ಇಲ್ಲ" ಅಂತ ಬರೆದು ಸಹಿ ಹಾಕಿದ. ಅಲ್ಲಿಗೆ ಹನ್ನೊಂದು ವರ್ಷ ಮುಗಿಯಿತು. ಡಾಕ್ಟರು ತಡೆಯಲಿಲ್ಲ.

ಏಳುವ ಮೊದಲು ಒಂದು ಮಾತು ಹೇಳಿದ: "ಉಳಿದವರದ್ದು ಮತ್ತೆ ನೋಡಿ ಡಾಕ್ಟ್ರೆ. ನೀವೇ ಮುಚ್ಚಿ ನೋಡಿ. ಅವರ ಕೈಗೆ ಬಿಡಬೇಡಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟು ಚೀಲಕ್ಕೆ ತುಂಬುತ್ತಿದ್ದಾಗ ಎಡಗಡೆ ಬೆಂಚು ಕಿರುಗುಟ್ಟಿತು. ತಿರುಗಿ ನೋಡಿದರೆ ಕುದುರೆ. ಎಡ ಅಂಚಿನಲ್ಲಿ ಓಡುವ ಆಟಗಾರ, ಓಟಕ್ಕೇ ಆ ಹೆಸರು ಬಿದ್ದವನು. ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ. ಗೋಲಿನ ಮುಂದೆ ತಾನು ಖಾಲಿ ನಿಂತಿದ್ದರೂ ಗೂಬೆ ಬೇಕೆಂದೇ ಚೆಂಡು ಕೊಡಲಿಲ್ಲ ಅಂತ ಒಂದು ದಿನ ಕೊರಳಪಟ್ಟಿ ಹಿಡಿದವನು, ಆಮೇಲೆ ಮುಖ ಕೊಟ್ಟಿರಲಿಲ್ಲ.

"ಹೌದಂತಾ?" ಅಂದ ಕುದುರೆ.

"ಹೌದು."

"ಅವತ್ತು ನಾನು ಕೈ ಎತ್ತಿ ಕೂಗ್ತಾ ಇದ್ದೆ."

"ಕೂಗು ಕೇಳಿಸ್ತು. ನೀನೆಲ್ಲಿದೀಯ ಅಂತ ಗೊತ್ತಾಗ್ಲಿಲ್ಲ."

"ಹಂಗಂತ ಹೇಳೋಕೇನಾಗಿತ್ತು ನಿಂಗೆ?"

"ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ ಕಣೋ."

ಕುದುರೆ ಆರು ವರ್ಷದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಅಂಗೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ಎದ್ದು, ಬೆಂಚು ಸುತ್ತಿ, ಗೂಬೆಯ ಬಲಕ್ಕೆ ಬಂದು ಕೂತ.

"ಇಲ್ಲಿ ಕಾಣ್ತೀನಾ?"

ಗೂಬೆ ಕತ್ತು ತಿರುಗಿಸದೆಯೇ ಚೀಲದ ದಾರ ಎಳೆದ.

"ಕಾಣ್ತೀಯ. ಹೊಟ್ಟೆ ಬಂದಿದೆ ನಿಂಗೆ."